ನೀವ ಮೊದಲ ಮಾತಾಡ್ರಿ

ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗದ ಕಡೆಯ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬೈಲಹೊಂಗಲಕ್ಕೆ ನಮಗಿದ್ದದ್ದು ಒಂದೇ ಲೈನು. ಎರಡೂ ತುದಿಯವರು ಒಂದೇ ಗಳಿಗೆಯಲ್ಲಿ ಪ್ಲಗ್ಗು ಚುಚ್ಚಿದರೆ ಇಬ್ಬರ ಕರೆಯೂ ಕೆಡುತ್ತಿತ್ತು. ಆಗ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಸೀಮೆಯ ಮರ್ಯಾದೆಯೇ ನಿಯಮ. "ನೀವ ಮೊದಲ ಮಾತಾಡ್ರಿ" ಎನ್ನುವುದು, "ಏ ಇಲ್ರೀ, ನೀವ ಮೊದಲ" ಎನ್ನಿಸಿಕೊಳ್ಳುವುದು, ಇಬ್ಬರೂ ಪ್ಲಗ್ಗು ಕಿತ್ತು ಕಾಯುವುದು. ಲೈನು ಖಾಲಿ ಇದೆಯಲ್ಲ ಎಂದು ಮತ್ತೆ ಇಬ್ಬರೂ ಒಟ್ಟಿಗೇ ಚುಚ್ಚುವುದು! ಬೇರೆ ದಿನವಾದರೆ ನಗುತ್ತಿದ್ದೆವು.

ಆ ಮಧ್ಯಾಹ್ನ ಸಾಲಹಳ್ಳಿಯ ಹೊಲದಲ್ಲಿ ನನ್ನ ಅಣ್ಣನಿಗೆ ಹಾವು ಕಚ್ಚಿತ್ತು. ಅದರ ವಿಷಕ್ಕೆ ಕೊಡುವ ಇಂಜೆಕ್ಷನ್ ಇದ್ದದ್ದು ಬೈಲಹೊಂಗಲದ ಒಬ್ಬ ಡಾಕ್ಟರ ಹತ್ತಿರ. ಸಂಜೆಯ ಬಸ್ಸು ಅಲ್ಲಿಂದ ಹೊರಡುವುದರೊಳಗೆ ಹೇಳಿದರೆ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ತಪ್ಪಿದರೆ ಅಣ್ಣ ಉಳಿಯುವುದಿಲ್ಲ. ಅತ್ತಿಗೆ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ಚುಚ್ಚಿದೆ. ಅತ್ತಲಿಂದಲೂ ಚುಚ್ಚಿದ್ದರು. "ಅರ್ಜೆಂಟ್ ಐತ್ರಿ" ಎಂದೆ.

"ನಂದೂ ಅರ್ಜೆಂಟ್ ಐತ್ರಿ ಅಕ್ಕಾರ. ಇರ್ಲಿ, ನೀವ ಮೊದಲ" ಎಂದ ಆ ತುದಿಯ ಆಪರೇಟರ್.

ರೂಢಿ ಬಿದ್ದ ನನ್ನ ಬಾಯಿ "ಇಲ್ರೀ ಅಣ್ಣಾರ, ನೀವ" ಅಂದೇಬಿಟ್ಟಿತು. ಇಬ್ಬರೂ ಕಿತ್ತೆವು, ಮತ್ತೆ ಚುಚ್ಚಿದೆವು, ಮತ್ತೆ ಡಿಕ್ಕಿ. ಈ ಮರ್ಯಾದೆಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಗಡಿಯಾರದ ಕಡೆ ನೋಡಲು ಧೈರ್ಯವಿರಲಿಲ್ಲ.

"ಸಿಕ್ತೇನವಾ?" ಅತ್ತಿಗೆ ಕೇಳಿದಳು.

ಮುಂದಿನ ಸಲ ನಾನು ಕೀಳಲಿಲ್ಲ. "ನೀವ ಬಿಡ್ರಿ! ನಾ ಬಿಡಂಗಿಲ್ಲ! ನಮ್ಮಣ್ಣ ಸಾಯಾಕ ಹತ್ಯಾನ!" ಎಂದು ಕಿರುಚಿದೆ.

ಆ ಕಡೆ ಅವನು ಯಾರಿಗೋ "ತಡೀರಿ" ಅಂದದ್ದು ಕೇಳಿಸಿತು. ಆಮೇಲೆ, "ಆತ್ರಿ ಅಕ್ಕಾರ, ಯಾರಿಗೆ ಕೊಡ್ಲಿ?" ಎಂದ.

ಡಾಕ್ಟರಿಗೆ ಹೇಳಿದ ಕೂಡಲೇ ಬೋರ್ಡನ್ನು ಇನ್ನೊಬ್ಬ ಆಪರೇಟರಿಗೆ ಒಪ್ಪಿಸಿ ಅತ್ತಿಗೆಯ ಜೊತೆ ಓಡಿದೆ. ಇಂಜೆಕ್ಷನ್ ಬಸ್ಸಿನಲ್ಲಿ ಬಂತು. ಅಣ್ಣ ಉಳಿದ.

ಮರುದಿನ ಮಧ್ಯಾಹ್ನ ಬೈಲಹೊಂಗಲದ ಆ ಆಪರೇಟರನೇ ಕರೆದ. ಇನ್ನು ಮುಂದೆ ಡಿಕ್ಕಿಯಾದರೆ ಒಂದು ತುದಿ ಯಾವಾಗಲೂ ಹಿಡಿದಿರಬೇಕು, ಇನ್ನೊಂದು ಯಾವಾಗಲೂ ಬಿಡಬೇಕು, ಉಪಚಾರದ ಮಾತೇ ಬೇಡ ಎಂದು ಒಪ್ಪಿದೆವು. "ಹಿಡಿಯೂದು ನಿಮ್ಮ ಕಡೆಗಿರ್ಲಿರಿ" ಎಂದ. ಒಪ್ಪುವ ಮೊದಲು, ನಿನ್ನೆ ನಿಮ್ಮದೇನು ಅರ್ಜೆಂಟಿತ್ತು ಎಂದು ಕೇಳಿದೆ.

"ಬಿಡ್ರಿ ಅಕ್ಕಾರ, ಆಗಿ ಹೋತು."

ನಾನು ಬಿಡಲಿಲ್ಲ.

"ಇಲ್ಲೊಬ್ಬ ಮುದುಕಿ, ನಿಮ್ಮೂರಿಗೆ ಕೊಟ್ಟ ಮಗಳ್ನ ಒಮ್ಮೆ ನೋಡಬೇಕು ಅಂತಿದ್ಲರಿ. ನಿಮ್ಮ ಮಾತು ಮುಗದ ಮ್ಯಾಲ ನಾ ಹೇಳಿ ಕಳಿಸೂದ್ರಾಗ ಮಗಳಿಗೆ ಬಸ್ ತಪ್ಪಿತ್ತು. ಮುಂಜಾನಿ ಬಂದ್ಲು. ಅಷ್ಟರಾಗ ಮುದುಕಿ ಹೋಗಿದ್ಲು."

ನನಗೆ ಅಳು ಬಂತು. "ಬಿಡೂದು ನಮ್ಮ ಕಡೆಗಿರ್ಲಿರಿ" ಎಂದೆ.

ಆ ಕುರ್ಚಿಯಲ್ಲಿ ಕೂತಿರುವವರೆಗೂ ನಾನೇ ಬಿಟ್ಟೆ.