ಲಿಫ್ಟಿನಲ್ಲಿ ಕಲಿತ ಕಮಾಂಡ್

ಮುಂಬಯಿಯ ಘಾಟ್ಕೋಪರಿನ ನಮ್ಮ ಕಚೇರಿಯಲ್ಲಿ ನಾನು ಸಂದರ್ಶನ ನಡೆಸುತ್ತಿದ್ದಾಗಲೇ ಇಂಟರ್‌ನೆಟ್ ಹೋಯಿತು. ಅಭ್ಯರ್ಥಿಗಳು ಅರ್ಧ ಗಂಟೆಯಲ್ಲಿ ಕ್ಲೌಡ್‌ನಲ್ಲಿ ದೂರದ ಸರ್ವರುಗಳ ಮೇಲೆ ಓಡುವ ಮೂರು ವರ್ಚುವಲ್ ಮಷಿನ್‌ಗಳನ್ನು ಎಬ್ಬಿಸಿ ತೋರಿಸಬೇಕಿತ್ತು. ನಾಲ್ವರಲ್ಲಿ ಮೂವರು ಕೈಚೆಲ್ಲಿ ಕುಳಿತರು. ನಾಲ್ಕನೆಯವನು ಮಾತ್ರ ಟೈಪ್ ಮಾಡುತ್ತಲೇ ಇದ್ದ. ಅವನು ಕಲಬುರಗಿ ಕಡೆಯ ರಫೀಕ್, ನಮ್ಮದೇ ಬಿಲ್ಡಿಂಗಿನ ಲಿಫ್ಟ್‌ಮನ್. ಹಠ ಹಿಡಿದು ಅರ್ಜಿ ಹಾಕಿದ್ದ.

“ನೆಟ್ಟೇ ಇಲ್ಲ, ಏನು ಬರೀತಿದ್ದೀಯಪ್ಪಾ?” ಎಂದು ರೇಗಿದೆ.

“ಲಿಫ್ಟಿನ್ಯಾಗ ಎಲ್ಲಿ ನೆಟ್ ಇರ್ತದ್ರೀ ಮೇಡಂ? ಮೊಬೈಲಿನ್ಯಾಗ ಕಮಾಂಡ್ ಎಲ್ಲಾ ಬರದಿಟ್ಟು, ಮೂರು ಸಲ ಓದಿ, ತಳಕ್ಕ ಬಂದು ಬಾಗಿಲಾ ತೆರದಾಗ ಎಂಟರ್ ಒತ್ತತಿದ್ದೆ. ಹಂಗ ಕಲ್ತೀನ್ರೀ.”

ಇಂಟರ್‌ನೆಟ್ ಮರಳಿದಾಗ ಉಳಿದಿದ್ದದ್ದು ಎರಡೇ ನಿಮಿಷ. ಮಿಕ್ಕವರು ಮೌಸ್ ಹಿಡಿದು ಪುಟ ತೆರೆಯುವಷ್ಟರಲ್ಲಿ ರಫೀಕ್ ಎಂಟರ್ ಒತ್ತಿದ. ಒಂದೂ ತಪ್ಪಿಲ್ಲದೆ ಮೂರೂ ಮಷಿನ್‌ಗಳು ಎದ್ದು ನಿಂತವು. ನಾನು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿಬಿಟ್ಟೆ.

ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಕಚೇರಿಯ ಹೊಸ ಕೆಲಸಕ್ಕೆ ಬಂದವನು, ಲಿಫ್ಟಿನಲ್ಲಿ ಅಭ್ಯಾಸಬಲದಿಂದ ಗುಂಡಿಯತ್ತ ಕೈ ಚಾಚಿದ. ನಾನು ತಡೆದೆ. ಒಂಬತ್ತು ವರ್ಷ ಅವನು ನನಗಾಗಿ ಒತ್ತಿದ್ದ ಐದನೇ ಮಹಡಿಯ ಗುಂಡಿಯನ್ನು ಅಂದು ಅವನಿಗಾಗಿ ನಾನು ಒತ್ತಿದೆ.