ತಾರ್ಲಾನನನ್ನು ಕರೆತರಲು ಹೋದ ಸಾಟ್ಕಿನ್

ಕೊಚ್ಕೊರ್ ಕಣಿವೆಯ ಸಾಟ್ಕಿನ್‌ಗೆ ನಾಯಿಯೆಂದರೆ ಅಷ್ಟಕ್ಕಷ್ಟೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹಸುವಿನ ಹಾಲು ಕರೆದಳು, ರೊಟ್ಟಿ ಸುಟ್ಟಳು. ಗಂಡ ಆಶಿಂಬೆಕ್ ಬಿಡುವಾದಾಗಲೆಲ್ಲ ಬಂದೂಕು ಹೆಗಲಿಗೇರಿಸಿ ಕವುಜುಗ ಹಕ್ಕಿಯ ಬೇಟೆಗೆ ಬೆಟ್ಟ ಹತ್ತುತ್ತಿದ್ದ. ಜೊತೆಗೆ ಅವನ ನಾಯಿ ತಾರ್ಲಾನ್. ಅದರ ತಾಯಿ ಸ್ಪ್ಯಾನಿಯಲ್ ತಳಿ, ತಂದೆ ಪಾಯಿಂಟರ್ ತಳಿ. ತಾಯಿಯ ಜೋಲುಕಿವಿ, ತಂದೆಯ ನೀಳ ಕಾಲು. ಬೇಟೆಯ ಚಟ ಇಬ್ಬರದೂ.

ಪಾರ್ಶ್ವವಾಯು ಬಡಿದು ಆಶಿಂಬೆಕನ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಕೆಲಸವಿಲ್ಲದ ತಾರ್ಲಾನನಿಗೆ ಹುಚ್ಚು ಹಿಡಿದಂತಾಯಿತು. ಕಂಬಳಿ ಹರಿದುಹಾಕಿತು, ಅಂಗಳ ತೋಡಿತು. ಕೋಳಿಗಳನ್ನು ಒಂದು ಪುಕ್ಕವೂ ಮುಕ್ಕಾಗದಂತೆ ಬಾಯಲ್ಲಿ ತಂದು ಯಜಮಾನನ ತೊಡೆಯ ಮೇಲಿಡುತ್ತಿತ್ತು. ಆಗ ಮಾತ್ರ ಅವನ ಅರ್ಧ ಮುಖ ನಗುತ್ತಿತ್ತು. ತನಗೆ ಅಂಥ ನಗು ಒಮ್ಮೆಯೂ ಸಿಗಲಿಲ್ಲವಲ್ಲ ಎಂದು ಸಾಟ್ಕಿನ್‌ಗೆ ಹೊಟ್ಟೆ ಉರಿಯುತ್ತಿತ್ತು.

ಆದರೂ ದಿನಾ ಬೆಳಿಗ್ಗೆ ನದಿ ದಂಡೆಯಲ್ಲಿ ಅದನ್ನು ಓಡಿಸಿ ಸುಸ್ತು ಮಾಡಿಸುತ್ತಿದ್ದಳು. ಕಿವಿಗಂಟಿದ ಮುಳ್ಳುಕಾಯಿ ಬಿಡಿಸಿ, ಒಳಗೆಲ್ಲ ಒರೆಸುತ್ತಿದ್ದಳು. “ನಿಂಗೆ ಮಾಡಿದಷ್ಟು ಸೇವೆ ನಮ್ಮತ್ತೆಗೂ ಮಾಡಿರ್ಲಿಲ್ಲ ಕಣೋ!” ಎಂದು ಬೈಯುತ್ತಿದ್ದಳು.

ಒಂದು ದಿನ ಊರುಗೋಲು ಹಿಡಿದು ಎದ್ದು ನಿಂತ ಆಶಿಂಬೆಕನ ಮೇಲೆ ತಾರ್ಲಾನ್ ಖುಷಿಗೆ ಎಗರಿತು. ಬಿದ್ದ ಅವನ ಸೊಂಟದ ಮೂಳೆ ಮುರಿಯಿತು.

“ಅಮ್ಮಾ, ನಿಂಗೆ ಅಪ್ಪ ಬೇಕೋ, ಈ ನಾಯಿ ಬೇಕೋ?” ಮಗಳು ಗುಲ್ಬಾರಾ ಕೂಗಾಡಿದಳು. ಆ ವಾರವೇ ತಾರ್ಲಾನನನ್ನು ಪಕ್ಕದ ಕಣಿವೆಯ ಬೇಟೆಗಾರ ಮಾಮಿರ್‌ಗೆ ಕೊಟ್ಟರು.

ಆಶಿಂಬೆಕ್ ಗೋಡೆಯತ್ತ ಮುಖ ತಿರುಗಿಸಿದ. ಸಾರು ಹಿಡಿದರೆ ತುಟಿ ಬಿಗಿಯುತ್ತಿದ್ದ. ಹನ್ನೆರಡನೇ ದಿನ ಸಾಟ್ಕಿನ್ ಸೋತಳು.

“ಆಯ್ತು ಮಾರಾಯ್ರೇ, ಕರ್ಕೊಂಡ್ಬರ್ತೀನಿ. ಕಟ್ಟಿಹಾಕಿಯಾದ್ರೂ ಸಾಕೋಣ.”

ಮಾಮಿರ್ ಬೆಟ್ಟದ ಇಳಿಜಾರಿನಲ್ಲಿದ್ದ. ಅವನ ಮುಂದೆ ಒಣಹುಲ್ಲಿನ ನಡುವೆ ತಾರ್ಲಾನ್ ಒಂದು ಮುಂಗಾಲೆತ್ತಿ, ಬಾಲ ಚಾಚಿ, ಕಲ್ಲಾಗಿ ನಿಂತಿತ್ತು. ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರದ ಪ್ರಾಣಿ! ಕವುಜುಗಗಳು ಭರ್ರನೆ ಎದ್ದವು. ಗುಂಡು ಹಾರಿತು. ಬಿದ್ದ ಹಕ್ಕಿಯನ್ನು ತಾರ್ಲಾನ್ ಮೆಲ್ಲಗೆ ಕಚ್ಚಿ ತಂದುಕೊಟ್ಟಿತು. ಆಮೇಲೆ ಸಾಟ್ಕಿನ್‌ಳನ್ನು ಕಂಡು ಓಡಿಬಂತು; ಕೈ ನೆಕ್ಕಿತು, ಕುಂಯ್‌ಗುಟ್ಟುತ್ತ ಸುತ್ತು ಹಾಕಿತು. ಮಾಮಿರ್ ಶಿಳ್ಳೆ ಹಾಕಿದ್ದೇ ತಡ, ಮತ್ತೆ ಬೆಟ್ಟದತ್ತ ಹಾರಿತು.

“ಅಕ್ಕಾ, ಬೇಕಿದ್ರೆ ಕರ್ಕೊಂಡ್ಹೋಗಿ. ನಿಮ್ದೇ ನಾಯಿ.”

ಅವಳು ಹುಲ್ಲಿನ ನಡುವೆ ಓಡುವ ನಾಯಿಯನ್ನು ನೋಡಿದಳು. “ಬೇಡಪ್ಪಾ. ಕಿವಿ ಮಾತ್ರ ದಿನಾ ನೋಡು. ಎಡಗಿವಿ ಬೇಗ ಕೀವಾಗತ್ತೆ.”

ಬರಿಗೈಯಲ್ಲಿ ಬಂದವಳನ್ನು ದಾಟಿ ಆಶಿಂಬೆಕನ ಕಣ್ಣು ಬಾಗಿಲಲ್ಲಿ ಹುಡುಕಿತು. ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಹಾಸಿಗೆಯ ಪಕ್ಕ ಕೂತು ಕಂಡದ್ದನ್ನೆಲ್ಲ ಹೇಳಿದಳು: ಗಾಳಿ ಎತ್ತಲಿಂದ ಬೀಸುತ್ತಿತ್ತು, ಹುಲ್ಲು ಎಷ್ಟೆತ್ತರವಿತ್ತು, ತಾರ್ಲಾನ್ ಯಾವ ಕಾಲೆತ್ತಿ ನಿಂತಿತ್ತು. ಅವರಿಬ್ಬರ ನಡುವೆ ಬೆಟ್ಟದ ಮಾತು ಬಂದದ್ದು ಅದೇ ಮೊದಲು. ಅವನ ಕಣ್ಣೀರು ಕಿವಿಯತ್ತ ಇಳಿಯಿತು. ಅವಳು ನಿಲ್ಲಿಸಿದಾಗ ಎಡಗೈ ಚಾಚಿ ಅವಳ ತೋಳು ತಟ್ಟಿದ.

“ಇನ್ನೊಂದ್ಸಲ ಹೇಳ್ಬೇಕಾ?”

ತಟ್ಟಿದ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅಂದು ಅವನು ಸಾರು ಕುಡಿದ.

ಹಿಮ ಬಿದ್ದು ದಾರಿ ಮುಚ್ಚುವವರೆಗೆ ವಾರಕ್ಕೊಮ್ಮೆ ಅವಳು ಆ ಕಣಿವೆಗೆ ಹೋಗಿಬಂದು ಕಂಡದ್ದನ್ನು ಹೇಳಿದಳು. ದಾರಿ ತೆರೆಯುವ ಹೊತ್ತಿಗೆ ಆಶಿಂಬೆಕ್ ಬದುಕಿರಲಿಲ್ಲ. ಆ ಸುದ್ದಿ ತಿಳಿಸಲು ಸಾಟ್ಕಿನ್ ಒಬ್ಬಳೇ ಮಾಮಿರ್‌ನ ಮನೆಗೆ ನಡೆದಳು.