ಸುಳಿ ಕಾಣುವಷ್ಟು ಕಪ್ಪು

ಗೊಳಸಂಗಿಯಲ್ಲಿ ಮಾನಿಟರ್ ಕ್ಯಾಲಿಬ್ರೇಟ್ ಮಾಡಬಲ್ಲ ಏಕೈಕ ಮನುಷ್ಯ ನಾನು. ಇಡೀ ಬಸವನ ಬಾಗೇವಾಡಿ ತಾಲ್ಲೂಕಿಗೇ ಒಬ್ಬನಿರಬಹುದು. ಮುದ್ದೇಬಿಹಾಳ, ಇಂಡಿ ಕಡೆ ಇನ್ನೂ ವಿಚಾರಿಸಿಲ್ಲ, ವಿಚಾರಿಸುವ ಇರಾದೆಯೂ ಇಲ್ಲ. ಆದರೆ ಈ ಪದವಿ ಸಿಗುವ ಮೊದಲು ಒಂದು ಎಮ್ಮೆಯನ್ನು ಎರಡು ಸಲ ಹಾಳು ಮಾಡಿದ್ದೇನೆ. ಕಾಗದದ ಮೇಲೆ ಮಾತ್ರ.

ಎಮ್ಮೆ ನಮ್ಮ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಹನ್ನೊಂದು ವರ್ಷದ ಹಿಂದೆ ಅವಳು ಅದನ್ನು ಹೊಡೆದುಕೊಂಡು ಬಂದಾಗ ಅಜ್ಜ ಬಾಗಿಲಲ್ಲೇ ಅಡ್ಡ ನಿಂತಿದ್ದನಂತೆ. ಎಮ್ಮೆಯ ಹಣೆಯಲ್ಲಿ, ಎಡಗಣ್ಣಿನ ತುಸು ಮೇಲೆ, ಕೂದಲು ಸುತ್ತಿಕೊಂಡು ಒಂದು ಸುಳಿ ಇತ್ತು. ಅಲ್ಲಿ ಸುಳಿ ಇದ್ದ ಎಮ್ಮೆ ಮನೆಗೆ ಆಗಿಬರುವುದಿಲ್ಲ ಎಂಬುದು ಅಜ್ಜನ ತೀರ್ಪು. 'ಹಾಲು ಏನು ಹಣೀಲಿಂದ ಬರತೈತೇನ್ರಿ?' ಎಂದು ಕೇಳಿ ಆಯಿ ಅದನ್ನು ಒಳಗೆ ಕಟ್ಟಿದಳು. ಅಜ್ಜ ಆ ಎಮ್ಮೆಯ ಹಾಲಿನ ಚಹಾ ಕುಡಿಯುತ್ತಲೇ ಆ ಸುಳಿಯನ್ನು ಬೈಯುತ್ತ, ಎಂಬತ್ತೆರಡು ತುಂಬಿಸಿ, ನಿದ್ದೆಯಲ್ಲೇ ಹೋದ. ಸೋತೆ ಎಂದು ಒಂದು ದಿನವೂ ಒಪ್ಪಲಿಲ್ಲ.

ಈ ವರ್ಷ ಆಯಿಯ ಮೊಣಕಾಲುಗಳು ಹಾಲು ಹಿಂಡುವುದಕ್ಕೆ ಬಗ್ಗಲೊಲ್ಲವು. ಎಮ್ಮೆಯನ್ನು ಮಾರುವುದೆಂದಾಯಿತು. ಟೆಂಪೊ ಬರುವ ಹಿಂದಿನ ದಿನ ಅವಳು ನನ್ನನ್ನು ಕರೆದಳು.

'ಒಂದ್ ಫೋಟೊ ಹೊಡಿ. ಸುಳಿ ಕಾಣಬೇಕು. ನಿಮ್ಮ ಅಜ್ಜಾರ ಫೋಟೊದ ಬಾಜೂಕ ಹಾಕ್ತೇನಿ.'

'ಬಣ್ಣದಾಗ ಹೊಡೀಲೇನು ಆಯಿ?'

'ಬ್ಯಾಡ. ಅವರು ಕಪ್ಪು-ಬಿಳುಪಿನ್ಯಾಗ ಅದಾರ. ಎಮ್ಮಿ ಬಣ್ಣದಾಗ ಮೆರದ್ರ ಸಿಟ್ಟಾಗ್ತಾರ.'

ಸೋದರಮಾವನ ಕ್ಯಾಮೆರಾ ಆಗ ನನ್ನ ಹತ್ತಿರವೇ ಇತ್ತು. ಅವನಿಗೆ ಅದು ಇನ್ನೂ ಗೊತ್ತಿರಲಿಲ್ಲ. ಎಮ್ಮೆಯ ಮುಂದೆ ಕುಳಿತು, ಮಲಗಿ, ಒಮ್ಮೆ ಸಗಣಿಯಲ್ಲಿ ಜಾರಿ, ನೂರಾ ನಲವತ್ತು ಫೋಟೊ ಹೊಡೆದೆ. ಕೊನೆಕೊನೆಗೆ ಎಮ್ಮೆ ಮೇವು ಬಿಟ್ಟು ನನ್ನನ್ನೇ ಮರುಕದಿಂದ ನೋಡತೊಡಗಿತು. ಮರುದಿನ ಸಿಂದಗಿ ಕಡೆಯ ವ್ಯಾಪಾರಿ ಅದನ್ನು ಒಯ್ದ. ಎರಡೇ ದಿನಕ್ಕೆ ಮತ್ತೆ ಯಾರೋ ಹಾಲಿನವರಿಗೆ ದಾಟಿಸಿದನಂತೆ, ಯಾರೆಂದು ಅವನಿಗೂ ನೆನಪಿರಲಿಲ್ಲ. ಅಂದರೆ ಆ ಸುಳಿ ಈ ಭೂಮಿಯ ಮೇಲೆ ಆಯಿಯ ಪಾಲಿಗೆ ನನ್ನ ಫೋಟೊದಲ್ಲಿ ಮಾತ್ರ ಉಳಿದಿತ್ತು.

ಕಂಪ್ಯೂಟರ್ ಅಪ್ಪನದು. ಮನೆಯ ಮುಂದಿನ ಕೋಣೆಯಲ್ಲಿ ಅವನು ಊರವರಿಗೆ ಪಹಣಿ ತೆಗೆದುಕೊಡುತ್ತಾನೆ, ಅರ್ಜಿ ತುಂಬುತ್ತಾನೆ. ಮಾನಿಟರಿನ ಬೆಳಕು ಸದಾ ನೂರಕ್ಕೆ ನೂರು. ಅದರ ಮುಂದೆ ಕುಳಿತರೆ ಮುಖಕ್ಕೆ ಬಿಸಿಲು ಹೊಡೆದಂತಾಗುತ್ತದೆ. ಆ ಬೆಳಕಿನಲ್ಲಿ ಸುಳಿ ಎಷ್ಟು ಚಂದ ಕಂಡಿತೆಂದರೆ, ಇನ್ನಷ್ಟು ಗಂಭೀರವಾಗಲಿ ಎಂದು ಫೋಟೊವನ್ನು ಕಪ್ಪಾಗಿಸಿದೆ. ಮತ್ತೂ ಗಂಭೀರವಾಗಲಿ ಎಂದು ಮತ್ತೂ ಕಪ್ಪಾಗಿಸಿದೆ. ಬಾಗೇವಾಡಿಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಂದು ಆಯಿಯ ಕೈಗೆ ಕೊಟ್ಟೆ.

ಆಯಿ ಅದನ್ನು ತಿರುವಿ ತಿರುವಿ ನೋಡಿದಳು. 'ಎಮ್ಮಿ ಎಲ್ಲೈತೋ?'

'ಅದ ಆಯಿ ಎಮ್ಮಿ.'

'ಇದು ಕತ್ತಲಿ. ಕತ್ತಲಿಗೆ ಎರಡು ಕೋಡು ಬಂದಾವ.'

ಸ್ಟುಡಿಯೋದವನ ಜೊತೆ ಜಗಳ ತೆಗೆಯಲು ಮತ್ತೆ ಬಸ್ ಹತ್ತಿದೆ. ಅವನು ನಕ್ಕ. 'ತಮ್ಮಾ, ಪ್ರಿಂಟ್ ಖರೇ ಐತಿ. ನಿನ್ನ ಮಾನಿಟರ್ ಸುಳ್ಳು ಹೇಳಾಕತ್ತೈತಿ. ಖರೇ ತೋರಸೂವಂಗ ಕ್ಯಾಲಿಬ್ರೇಟ್ ಮಾಡೀಯೇನು?'

'ಅದೆಲ್ಲಾ ಆಗೇತ್ರಿ,' ಎಂದೆ. ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದು ಹನ್ನೊಂದು ವಿಡಿಯೋ ನೋಡಿದೆ. ಬೆಳಕು ಇಳಿಸು ಎಂದಿತು ಒಂದು. ಬೆಳಕು ಮುಟ್ಟಲೇಬೇಡ, ಗಾಮಾ ಇಳಿಸು ಎಂದಿತು ಇನ್ನೊಂದು. ಗಾಮಾ ಏನೆಂದು ಹೇಳಬೇಕಾದ ಮೂರನೆಯದು ಗಡ್ಡ ಕೆರೆದುಕೊಂಡು ಒಂದು ಯಂತ್ರ ಕೊಳ್ಳಲು ಹೇಳಿತು. ಎಲ್ಲರೂ ಒಪ್ಪಿದ್ದು ಒಂದೇ ಮಾತು. ಕಪ್ಪಿನಿಂದ ಬಿಳುಪಿನವರೆಗೆ ಇಪ್ಪತ್ತೊಂದು ಚೌಕಗಳ ಒಂದು ಪಟ್ಟಿ ತೆರೆಯಬೇಕು, ಪ್ರತಿ ಚೌಕವೂ ಪಕ್ಕದ್ದಕ್ಕಿಂತ ಬೇರೆಯಾಗಿ ಕಾಣಬೇಕು. ನನ್ನ ಪರದೆಯ ಮೇಲೆ ಮೊದಲ ಆರು ಚೌಕಗಳು ಅಣ್ಣತಮ್ಮಂದಿರಂತೆ ಒಂದಾಗಿಬಿಟ್ಟಿದ್ದವು. ನಾನು ಬೆಳಕನ್ನು ಸೊನ್ನೆಗೆ ಇಳಿಸಿದೆ. ಈಗ ಆರರ ಬದಲು ಒಂಬತ್ತು ಚೌಕ ಒಂದಾದವು. ಎಮ್ಮೆ ಮಾಯವಾದದ್ದನ್ನು ಕಂಡು ಗಾಬರಿಯಾಗಿ ಫೋಟೊವನ್ನು ಬೆಳ್ಳಗಾಗಿಸುತ್ತ ಹೋದೆ.

ಎರಡನೆಯ ಪ್ರಿಂಟ್ ಬಂತು.

'ಎಮ್ಮಿಗೆ ಸುಣ್ಣಾ ಹಚ್ಚೀಯೇನೋ?' ಎಂದಳು ಆಯಿ. ಸುಳಿ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಬಯಲಿತ್ತು.

ಅತ್ತ ಅಪ್ಪ, ಪಹಣಿಯ ಹೆಸರು ಕಾಣದೆ ಒದರುತ್ತಿದ್ದ. 'ಯಾಂವಲೇ ಇದನ್ನ ಕತ್ತಲಿ ಮಾಡಿದಾಂವ?' ಬೆಳಕು ಮತ್ತೆ ನೂರಕ್ಕೆ ಏರಿತು. ನಾನು ಸಂಜೆ ಇಳಿಸುತ್ತಿದ್ದೆ, ಅವನು ಮುಂಜಾನೆ ಏರಿಸುತ್ತಿದ್ದ. ಒಂದೇ ಫೋಟೊ ಸಂಜೆ ಕಪ್ಪಾಗಿ, ಮುಂಜಾನೆ ಬೆಳ್ಳಗಾಗಿ ಕಾಣತೊಡಗಿತು. ಯಾವ ಹೊತ್ತಿನ ಎಮ್ಮೆ ನಿಜವಾದ ಎಮ್ಮೆ ಎಂಬುದೇ ತಿಳಿಯದಾಯಿತು. ಕೊನೆಗೆ ಅದರ ಬಣ್ಣ ನಿಜವಾಗಿ ಹೇಗಿತ್ತೆಂಬುದೂ ನನಗೆ ಮರೆತುಹೋಯಿತು.

ಆಯಿ ಎರಡೂ ಪ್ರಿಂಟುಗಳನ್ನು ಪೆಟ್ಟಿಗೆಯ ಮೇಲಿಟ್ಟು, ಗೋಡೆಯ ಮೇಲಿನ ಅಜ್ಜನ ಕಡೆ ಒಮ್ಮೆ ನೋಡಿದಳು. 'ಹೋಗ್ಲಿ ಬಿಡು. ಸುಳಿ ಇಲ್ಲದ ಎಮ್ಮಿ ಹಾಕಿ ಏನ್ ಮಾಡೂದು? ಕಡೀಕ ಅವರ ಗೆದ್ರು.'

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಅಂದು ಮಧ್ಯಾಹ್ನ ಅಪ್ಪ ಊಟಕ್ಕೆ ಒಳಗೆ ಹೋದಾಗ ನಾನೇ ಅವಳನ್ನು ಕರೆತಂದು ಮಾನಿಟರಿನ ಮುಂದೆ ಕೂರಿಸಿದೆ. ಚೌಕಗಳ ಪಟ್ಟಿ ತೆರೆದೆ.

'ಇದರಾಗ ಕಪ್ಪು ಎಷ್ಟ ಅದಾವ ನೋಡು ಆಯಿ.'

'ಕಪ್ಪು ಎಲ್ಲೈತಿ? ಎಲ್ಲಾ ಬೂದಿ ಬಡದಂಗ ಐತಿ.' ಅವಳು ಉಗುರಿನಿಂದ ಪರದೆಯನ್ನು ಕೆರೆದಳು. ಉಗುರಿಗೆ ಬಿಳಿ ಪುಡಿ ಹತ್ತಿತು.

ವಿಭೂತಿ! ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಮಿಕ್ಸರ್, ಸೈಕಲ್ಲು, ಪ್ರಿಂಟರ್, ಮಾನಿಟರ್, ಎಲ್ಲಕ್ಕೂ ಮೂರು ಬೆರಳು ಬೀಳುತ್ತಿತ್ತು. ಅಪ್ಪ ಒಣ ಬಟ್ಟೆಯಿಂದ ಒರೆಸಿ ಒರೆಸಿ ಅದನ್ನು ಪರದೆಯ ತುಂಬ ಸಮನಾಗಿ ಹರಡಿದ್ದ. ನಾನು ಇಷ್ಟು ದಿನ ಕ್ಯಾಲಿಬ್ರೇಟ್ ಮಾಡುತ್ತಿದ್ದದ್ದು ವಿಭೂತಿಯನ್ನು.

'ಇದನ್ನ ಹಚ್ಚೂದು ಯಾರು ಆಯಿ?'

'ಯಾರರ ಹಚ್ಚಲಿ. ಮೊದಲ ಒರಸು,' ಎಂದಳು. ಅವಳ ಹಣೆಯ ಮೇಲೂ ಅದೇ ಮೂರು ಬೆರಳು.

ಹಸಿ ಬಟ್ಟೆಯಿಂದ ಎರಡು ಸಲ ಒರೆಸಿದೆ. ಬಿಸಿಲು ನೇರ ಪರದೆಗೆ ಹೊಡೆಯುತ್ತಿದ್ದ ಬೀದಿ ಬಾಗಿಲನ್ನು ಅವಳು ಮುಚ್ಚಿಸಿದಳು. ಆರು ಅಣ್ಣತಮ್ಮಂದಿರಲ್ಲಿ ನಾಲ್ವರು ಬೇರೆಯಾದರು. ಆದರೆ ಬೆಳಕು ಎಷ್ಟಕ್ಕೆ ನಿಲ್ಲಿಸಬೇಕೆಂಬುದು ಇನ್ನೂ ಗೊತ್ತಿರಲಿಲ್ಲ.

'ಜಂಪರ್ ಪೀಸ್ ತರೂವಾಗ ಹೆಂಗ ಮಾಡ್ತೀವಿ?' ಎಂದು ಆಯಿಯೇ ಕೇಳಿದಳು. 'ಸೀರಿ ಬಾಜೂಕ ಹಿಡದ ನೋಡ್ತೀವಿ. ನೀ ಮೊದಲ ತಂದ ಆ ಕತ್ತಲಿ ಫೋಟೊ ಈ ನಿಮ್ಮ ಟಿವಿ ಬಾಜೂಕ ಹಿಡಿ. ಟಿವಿ ಒಳಗಿಂದೂ ಅಷ್ಟ ಹಾಳಾಗೂತನಕ ಬೆಳಕ ಇಳಸು.'

ಹನ್ನೊಂದು ವಿಡಿಯೋದಲ್ಲಿ ಒಬ್ಬನೂ ಹೀಗೆ ಹೇಳಿರಲಿಲ್ಲ. ಮೊದಲ ಪ್ರಿಂಟಿಗೆ ಕಳಿಸಿದ್ದ ಅದೇ ಫೋಟೊವನ್ನು ತೆರೆದೆ. ಆಯಿ ಟ್ಯೂಬ್‌ಲೈಟಿನ ಕೆಳಗೆ ಪ್ರಿಂಟ್ ಹಿಡಿದು ಕುಳಿತಳು. ನಾನು ಗುಂಡಿ ಒತ್ತುತ್ತ ಹೋದೆ. ಎಂಬತ್ತು. ಅರವತ್ತು. ನಲವತ್ತು. ಮೂವತ್ತನಾಲ್ಕಕ್ಕೆ ಬಂದಾಗ ಅವಳು ಕೂಗಿದಳು.

'ನಿಲ್ಲಸು! ಹಾಳಾತು ನೋಡು! ಎರಡೂ ಹಾಳಾದ್ವು!'

ಇಷ್ಟು ಸಂತೋಷದಿಂದ ಯಾರೂ ನನ್ನ ಕೆಲಸ ಹಾಳಾಯಿತೆಂದು ಹೇಳಿದ್ದಿಲ್ಲ. ಅಲ್ಲಿಂದ ಶುರು ಮಾಡಿ ಫೋಟೊದ ನೆರಳಿನ ಭಾಗವನ್ನು ಚೂರುಚೂರೇ ಬೆಳಗಿಸಿದೆ. ಮೈಯ ಕಪ್ಪು ಕಪ್ಪಾಗಿಯೇ ಇತ್ತು. ಹಣೆಯ ಮೇಲೆ ಕೂದಲು ಒಂದೊಂದಾಗಿ ಎದ್ದು ಸುತ್ತು ಹಾಕಿಕೊಂಡಿತು. ಆಯಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ನಾನು ಮಾನಿಟರಿನ ಗುಂಡಿಗಳ ಮೇಲೆ ಚೀಟಿ ಅಂಟಿಸಿದೆ: 'ಮುಟ್ಟಬಾರದು.' ಅಪ್ಪ ಅದನ್ನು ಓದಲು ಬೆಳಕು ಏರಿಸಬಹುದೆಂಬ ಭಯದಲ್ಲಿ ಅಂದೇ ಬಾಗೇವಾಡಿಗೆ ಓಡಿದೆ.

ಮೂರನೆಯ ಪ್ರಿಂಟ್ ನೋಡಿ ಸ್ಟುಡಿಯೋದವನು ಹುಬ್ಬೇರಿಸಿದ. 'ಈಗ ಐತಿ ನೋಡು ಎಮ್ಮಿ! ಯಾರ ಮಾಡಿಕೊಟ್ರು ಕ್ಯಾಲಿಬ್ರೇಶನ್?'

'ನಾನ ಮಾಡೇನ್ರಿ,' ಎಂದೆ. ಗುಂಡಿ ಒತ್ತಿದ್ದು ನಾನೇ ತಾನೆ.

ಅಜ್ಜನ ಬಲಕ್ಕೆ ಮೊಳೆ ಹೊಡೆದು ಚೌಕಟ್ಟು ತೂಗುಹಾಕಿದೆ. ಆಯಿ ಗಾಜಿನ ಮೇಲೆ ಬೆರಳಿಟ್ಟು ಸುಳಿಯ ಸುತ್ತ ಒಮ್ಮೆ ತಿರುಗಿಸಿದಳು. ಆಮೇಲೆ ಅಜ್ಜನ ಕಡೆ ತಿರುಗಿದಳು.

'ನೋಡ್ರಿ. ಹನ್ನೊಂದ ವರ್ಷ ಹಾಲು ಕೊಟ್ಟೈತಿ.'

ಅಂದು ಸೋಮವಾರ. ಬಟ್ಟಲಿನಲ್ಲಿ ವಿಭೂತಿ ಅದ್ದಿ ಅಜ್ಜನ ಗಾಜಿಗೆ ಮೂರು ಬೆರಳು ಎಳೆದಳು. ಮತ್ತೆ ಅದ್ದಿ ಎಮ್ಮೆಯ ಹಣೆಗೆ ಕೈ ಒಯ್ದಳು. ಕೈ ಅಲ್ಲೇ ನಿಂತಿತು. ಆಯಿ ನನ್ನನ್ನು ಒಮ್ಮೆ, ಸುಳಿಯನ್ನು ಒಮ್ಮೆ ನೋಡಿ, ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.